ಮೊದಲ ಮನೆಯ ಹಸಿರು

ಭಟ್ಟಿಯಕ್ಕ ಮಂಗಳವಾರ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಲ್ಲೇ ತೀರಿಕೊಂಡಳು. ಹೃದಯ ನಿಂತದ್ದರಿಂದ ಎಂದು ಡಾಕ್ಟರು ಬರೆದುಕೊಟ್ಟರು. ಮಧ್ಯಾಹ್ನ ಅವಳ ತಮ್ಮ ಬಂದು ಮನೆಯ ಬೀಗ ತೆಗೆದ. ಬಾಗಿಲಲ್ಲಿ ಅಷ್ಟು ಜನ ನಿಂತಿದ್ದರೂ ಯಾರ ಮುಖವನ್ನೂ ನೋಡದೆ ನೇರವಾಗಿ ಅಡುಗೆಮನೆಗೆ ಹೋಗಿ ಸ್ಟವ್ ನೋಡಿದ. ಆರಿತ್ತು. ಹಾಲಿನ ಪಾತ್ರೆಯನ್ನು ಅವಳು ತೊಳೆದು ಬೋರಲು ಹಾಕಿ ಹೋಗಿದ್ದಳು. ಅವನು ಸ್ಟವ್‌ನ ನಾಬ್ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತ. ನೋಡಿದವರು, ಪಾಪ, ತಾಯಿಯಂಥ ಅಕ್ಕನನ್ನು ಕಳೆದುಕೊಂಡವನು ಅಂದುಕೊಂಡರು.

ಭಟ್ಟಿಯಕ್ಕ ಅನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಹೊಸಬರು ಸಾರಾಯಿ ಭಟ್ಟಿಯೆಂದು ತಿಳಿದು ಕಣ್ಣು ಮಿಟುಕಿಸುತ್ತಿದ್ದರು. ಅವಳದು ಪಿಂಗಾಣಿ ಭಟ್ಟಿ. ವಾಶ್‌ಬೇಸಿನ್ನು, ಕಮೋಡು ಸುಡುವ ಉದ್ದನೆಯ ಸುರಂಗದಂಥ ಭಟ್ಟಿ. ಹುಡುಗಿಯಾಗಿದ್ದಾಗ ಮಣ್ಣು ಹೊರುವುದಕ್ಕೆ ಸೇರಿದವಳು ನಿಧಾನವಾಗಿ ಬೆಂಕಿಯ ಹತ್ತಿರಕ್ಕೆ ಸರಿದು, ಕೊನೆಗೆ ಭಟ್ಟಿಯ ಉಸ್ತುವಾರಿಯೇ ಅವಳ ಪಾಲಿಗೆ ಬಂತು. "ಈ ಊರಿನ ದೊಡ್ಡ ಮನುಷ್ಯರೆಲ್ಲ ದಿನಾ ಬೆಳಿಗ್ಗೆ ಕೂರೋದು ನಾನು ಸುಟ್ಟ ಸಾಮಾನಿನ ಮೇಲೇನೇ" ಎಂದು ಹೇಳಿ, ತಾನು ಮಾತ್ರ ನಗದೆ ಸುತ್ತಲಿನವರನ್ನೆಲ್ಲ ನಗಿಸುತ್ತಿದ್ದಳು.

ಅಪ್ಪ ಅಮ್ಮ ಬೇಗ ಹೋದರು. ತಮ್ಮ ಆಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಮನೆಯಲ್ಲಿ ಒಬ್ಬನೇ ಬಿಡಲಾಗದೆ ಸಂಜೆಯ ಪಾಳಿಗೆ ಅವನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಭಟ್ಟಿಯ ಹೊರಗೋಡೆಗೆ ಬೆನ್ನು ಕೊಟ್ಟು ಅವನು ಲೆಕ್ಕ ಮಾಡುತ್ತಿದ್ದ, ಓದುತ್ತಿದ್ದ, ನಿದ್ದೆ ಹೋಗುತ್ತಿದ್ದ. ಭಟ್ಟಿಯ ಬಗ್ಗೆ ಅವನು ಕಲಿತ ಮೊದಲ ಪಾಠ ಅಕ್ಕನದೇ.

"ಯಾಕಕ್ಕ ಇಷ್ಟು ನಿಧಾನ? ಬಾಗಿಲು ತೆಗೆದುಬಿಟ್ರೆ ಬೇಗ ಆರುತ್ತಲ್ಲ?"

"ಆರುತ್ತೆ. ಆಮೇಲೆ ಚೂರುಗಳನ್ನ ನೀನು ಗುಡಿಸು. ಬಿಸಿ ಮಾಡೋಕೆ ಯಾರಿಗಾದ್ರೂ ಬರುತ್ತೆ ಮರಿ. ಆರಿಸೋದರಲ್ಲಿದೆ ಕೆಲಸ."

ಅವಳು ಮದುವೆಯಾಗಲಿಲ್ಲ. ಕೇಳಿದರೆ, "ಭಟ್ಟಿ ಬಿಟ್ಟು ಬರೋಕೆ ಟೈಮೇ ಸಿಗ್ಲಿಲ್ಲ" ಅನ್ನುತ್ತಿದ್ದಳು. ತಮ್ಮ ಓದಿ ಎಂಜಿನಿಯರ್ ಆದ. ಕೆಲವು ವರ್ಷ ಯಾವುದೋ ಸಂಶೋಧನಾಲಯದಲ್ಲಿದ್ದು, ಒಂದು ಭಾನುವಾರ ಮನೆಗೆ ಬಂದು, ಹತ್ತಿಯಲ್ಲಿ ಸುತ್ತಿದ್ದ ಒಂದು ತೆಳ್ಳನೆಯ ಚೌಕವನ್ನು ಊಟದ ಮೇಜಿನ ಮೇಲಿಟ್ಟ. ಬಿಳಿ ಪಿಂಗಾಣಿಯ ಹಾಳೆ. ಒಂದು ಮೈಗೆ ಕಪ್ಪು ಲೇಪ, ಇನ್ನೊಂದು ಮೈಗೆ ಎಳೆ ಹಸಿರಿನ ಲೇಪ.

"ಅಕ್ಕ, ಇದು ಕರೆಂಟು ಮಾಡುತ್ತೆ."

"ಇದಾ? ಬಿಸ್ಕತ್ತಿನ ಹಾಗಿದೆ."

"ಕಪ್ಪು ಕಡೆಗೆ ಗಾಳಿ ಹಾಯಿಸಬೇಕು, ಹಸಿರು ಕಡೆಗೆ ಗ್ಯಾಸು. ಹಾಳೆ ಪೂರ್ತಿ ಕೆಂಪಗೆ ಕಾದಿರಬೇಕು, ನಿನ್ನ ಭಟ್ಟಿಯ ಹಾಗೆ. ತಣ್ಣಗಿದ್ರೆ ಬರೀ ಗೋಡೆ. ಕಾದಾಗ ಆ ಗೋಡೆ ಆಮ್ಲಜನಕಕ್ಕೆ ಮಾತ್ರ ದಾರಿ ಬಿಡುತ್ತೆ. ಆಮ್ಲಜನಕ ಅಂದ್ರೆ ಒಬ್ಬ ಕೂಲಿ ಅಂದ್ಕೋ. ಗಾಳಿಯ ಕಡೆಯಿಂದ ಎಲೆಕ್ಟ್ರಾನ್ ಅನ್ನೋ ಹೊರೆ ಹೊತ್ತುಕೊಂಡು ಗೋಡೆಯೊಳಗೆ ನುಗ್ತಾನೆ. ಆಚೆ ಕಡೆ ಗ್ಯಾಸಿನಲ್ಲಿರೋ ಜಲಜನಕ ಕಾಯ್ತಾ ಇರುತ್ತೆ. ಇಬ್ರೂ ಕೂಡಿ ನೀರಾಗಿ, ಆವಿಯಾಗಿ ಹೊರಟುಹೋಗ್ತಾರೆ. ಹೊರೆ ಅಲ್ಲೇ ಉಳೀತು."

"ಹೊರೆ ಬಂದ ದಾರೀಲೇ ವಾಪಸ್ ಹೋಗಲ್ವಾ?"

"ಗೋಡೆ ಬಿಡಲ್ಲ. ತಂತಿ ಹಿಡ್ಕೊಂಡು ಸುತ್ತು ಹಾಕಿಯೇ ಗಾಳಿಯ ಕಡೆಗೆ ಬರಬೇಕು. ಆ ದಾರೀಲಿ ನಾವು ಬಲ್ಬು ಇಟ್ಟಿರ್ತೀವಿ."

"ಟೋಲ್ ಗೇಟು ಅನ್ನು."

"ಹ್ಞೂ. ಟೋಲ್ ಗೇಟೇ."

"ಬೆಂಕಿ ಎಲ್ಲೋ?"

"ಬೆಂಕೀನೇ ಇಲ್ಲಕ್ಕ. ಉರಿಯೋ ಕೆಲಸಾನ ಉರಿಯದೇ ಮಾಡೋದು."

ಅವಳು ಆ ಚೌಕವನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದಳು. ಒಡಕಿದ್ದರೆ ಸದ್ದು ಮೊಂಡಾಗುತ್ತದೆ. ಇದರ ಸದ್ದು ಚೊಕ್ಕವಾಗಿತ್ತು. "ಯಾರು ಸುಟ್ಟಿದ್ದು?" ಎಂದು ಕೇಳಿದಳು. ಇನ್ನು ಮುಂದೆ ಸುಡಬೇಕಾದವಳು ನೀನೇ ಎಂದು ಅವನು ಹೇಳಿದ. ಅಷ್ಟು ವರ್ಷದ ಕಾರ್ಖಾನೆಯ ಕೆಲಸವನ್ನು ಅವಳು ಆ ತಿಂಗಳೇ ಬಿಟ್ಟಳು.

ಬಸ್ ಡಿಪೋದ ಹಿಂದಿನ ಒಂದು ಶೆಡ್ಡಿನಲ್ಲಿ ಇಬ್ಬರೂ ಸಮಪಾಲಿನಲ್ಲಿ ವರ್ಕ್‌ಶಾಪ್ ತೆರೆದರು. ಅವನು ನಕ್ಷೆ ಗೀಚುತ್ತಿದ್ದ, ಅವಳು ಸುಡುತ್ತಿದ್ದಳು. ಒಂದೊಂದು ಹಾಳೆಯಿಂದ ಬರುವ ವೋಲ್ಟೇಜು ಒಂದು ಟಾರ್ಚ್ ಸೆಲ್ಲಿನಷ್ಟೂ ಅಲ್ಲ. ಆದ್ದರಿಂದ ಹಾಳೆಯ ಮೇಲೆ ಹಾಳೆ ಪೇರಿಸಿ, ನಡುನಡುವೆ ಲೋಹದ ತಗಡಿಟ್ಟು, ಗಾಜಿನಿಂದ ಅಂಚು ಮುಚ್ಚಿ ಒಂದು ಕಟ್ಟು ಮಾಡಬೇಕು. ಕಟ್ಟಿನ ಒಂದು ಪಕ್ಕದಿಂದ ಗ್ಯಾಸ್ ಒಳಗೆ ಹೋಗಿ ಹಾಳೆಗಳ ಉದ್ದಕ್ಕೂ ಹರಿದು ಇನ್ನೊಂದು ಪಕ್ಕದಿಂದ ಹೊರಬರುತ್ತದೆ. ಹಸಿರು ಲೇಪ ಅಂದರೆ ನಿಕ್ಕಲ್ಲಿನ ತುಕ್ಕು. ಮೊದಲ ಸಲ ಬಿಸಿಯಲ್ಲಿ ಗ್ಯಾಸ್ ತಗುಲಿದಾಗ ತುಕ್ಕು ಬಿಟ್ಟು ಬೂದು ಬಣ್ಣದ ಲೋಹವಾಗುತ್ತದೆ. ಅಲ್ಲಿಂದ ಮುಂದೆ, ಬಿಸಿಯಿರುವಷ್ಟು ಕಾಲ ಆ ಮೈಗೆ ಗ್ಯಾಸ್ ತಪ್ಪಬಾರದು. ತಪ್ಪಿದರೆ ಮತ್ತೆ ಹಸಿರಾಗಿ ಉಬ್ಬುತ್ತದೆ, ಉಬ್ಬಿ ಪಿಂಗಾಣಿಯನ್ನು ಸೀಳುತ್ತದೆ.

ಅವರ ಮೊದಲ ಕಟ್ಟುಗಳೆಲ್ಲ ಹೀಗೆಯೇ ಸತ್ತವು. ಬಿಚ್ಚಿ ನೋಡಿದಾಗಲೆಲ್ಲ ಹಸಿರು ಕಾಣುತ್ತಿದ್ದದ್ದು ಗ್ಯಾಸ್ ಹೊರಬರುವ ತುದಿಯಲ್ಲಿ. ಯಾಕೆಂದು ತಮ್ಮನೇ ಹೇಳಿಕೊಟ್ಟ: "ನಮ್ಮ ಬೀದಿ ನಲ್ಲಿಯ ಹಾಗೆ ಅಕ್ಕ. ನೀರು ಕಮ್ಮಿ ಬಿಟ್ರೆ ಮೊದಲ ಮನೆಯವರು ಹೇಗೋ ಹಿಡ್ಕೋತಾರೆ. ಕೊನೇ ಮನೆಯವರಿಗೆ ಪೈಪಿನಲ್ಲಿ ಗಾಳಿ." ಅಂದಿನಿಂದ ವರ್ಕ್‌ಶಾಪಿನಲ್ಲಿ ಗ್ಯಾಸ್ ಒಳಬರುವ ತುದಿಗೆ ಮೊದಲ ಮನೆ, ಹೊರಹೋಗುವ ತುದಿಗೆ ಕೊನೇ ಮನೆ ಎಂದೇ ಹೆಸರಾಯಿತು. ಬೇರೆ ಯಾರಿಗೂ ಅರ್ಥವಾಗದ ಮಾತು. ಅವರಿಬ್ಬರಿಗೆ ಸಾಕಾಗಿತ್ತು.

ಕೊನೆಗೆ ಒಂದು ಕಟ್ಟು ಸಾಯಲಿಲ್ಲ. ಅದನ್ನು ಹೆರಿಗೆ ಆಸ್ಪತ್ರೆಯ ಹಿತ್ತಲಿನಲ್ಲಿ, ಬಟ್ಟೆ ಒಣಗಿಸುವ ಜಾಗದ ಪಕ್ಕ ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿದರು. ಅಡುಗೆ ಗ್ಯಾಸಿನ ಪೈಪಿನಿಂದಲೇ ಅದಕ್ಕೆ ಊಟ. ಹೆರಿಗೆ ಕೋಣೆಯ ದೀಪಕ್ಕೆ, ಹಸುಗೂಸುಗಳ ಬೆಚ್ಚನೆಯ ಪೆಟ್ಟಿಗೆಗಳಿಗೆ ಅದರ ಕರೆಂಟು. ಅದು ಹೊರಬಿಡುವ ಬಿಸಿಯಿಂದ ಬಾಣಂತಿಯರಿಗೆ ಸ್ನಾನದ ನೀರು. ಸದ್ದು ಎಂದರೆ ಒಂದು ಸಣ್ಣ ಫ್ಯಾನಿನ ಉಸಿರು, ಅಷ್ಟೇ. ದೊಡ್ಡ ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಮುಖ್ಯ ನರ್ಸ್ ಮೊದಲು ನಂಬಲಿಲ್ಲ.

"ಇದು ನಿಜವಾಗ್ಲೂ ಓಡ್ತಿದೆಯೇನ್ರೀ? ಇಷ್ಟು ಸುಮ್ಮನಿರೋದನ್ನ ನಾನು ನಮ್ಮ ಲೇಬರ್ ವಾರ್ಡಿನಲ್ಲಿ ನೋಡೇ ಇಲ್ಲ."

"ಅದರ ಬೆನ್ನು ಮುಟ್ಟಿ ನೋಡಿ ಸಿಸ್ಟರ್. ಬೇಡ, ಮುಟ್ಟಬೇಡಿ. ನನ್ನ ಮಾತು ನಂಬಿ."

ನಂಬಿದರು. ಪೈಪಿನ ಗ್ಯಾಸಿನಲ್ಲಿ ವಾಸನೆಗೆಂದು ಬೆರೆಸಿದ ಗಂಧಕ ನಿಕ್ಕಲ್ಲಿಗೆ ವಿಷ. ಅದನ್ನು ಹಿಡಿಯುವ ಫಿಲ್ಟರ್ ಬದಲಾಯಿಸುವುದು ಅಕ್ಕನ ಕೆಲಸ. ಬದಲಾಯಿಸುವಾಗ ಒಂದು ಸಿಲಿಂಡರಿನಿಂದ ಬೇರೆ ಗ್ಯಾಸ್ ಕೊಟ್ಟು, ಆಮೇಲೆ ಪೈಪಿನ ವಾಲ್ವ್ ಪೂರ್ತಿ ತೆಗೆದು, ಸಿಲಿಂಡರ್ ಮುಚ್ಚಬೇಕು. ಆ ಕೆಲಸಕ್ಕೆ ಹೋದಾಗಲೆಲ್ಲ ದೊಡ್ಡ ಸಿಸ್ಟರ್ ಟೀ ಕೊಡುತ್ತಿದ್ದರು, ಯಾವುದಾದರೂ ಹೊಸ ಕೂಸನ್ನು ತಂದು ಅವಳ ಕೈಗೆ ಕೊಡುತ್ತಿದ್ದರು. "ನಿಮ್ಮ ಕರೆಂಟಿನಲ್ಲಿ ಹುಟ್ಟಿದ್ದು" ಅನ್ನುತ್ತಿದ್ದರು. ಅಕ್ಕನ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು. ಕೂಸುಗಳು ಅಳುತ್ತಿರಲಿಲ್ಲ.

ಆ ಹೊತ್ತಿಗೆ ಒಂದು ದೊಡ್ಡ ಕಂಪನಿಯ ಕಣ್ಣು ತಮ್ಮನ ಮೇಲೆ ಬಿತ್ತು.

"ಅಕ್ಕ, ಅವರು ನಮ್ಮ ವಿನ್ಯಾಸ ಪೂರ್ತಿ ಕೇಳ್ತಿದಾರೆ. ನನ್ನನ್ನೂ ಕೇಳ್ತಿದಾರೆ."

"ಹೋಗು. ಯಾರು ಬೇಡ ಅಂದ್ರು?"

"ಹೊರಗಡೆ ಇದೇ ಥರದ್ದು ಇನ್ನೊಂದು ಓಡ್ತಿರಬಾರದಂತೆ. ಹಾಗಂತ ಇಬ್ರೂ ಸಹಿ ಹಾಕ್ಬೇಕಂತೆ."

"ಆಸ್ಪತ್ರೇದು?"

"ನಿಲ್ಲಿಸಬೇಕಾಗುತ್ತೆ."

"ಬಾಣಂತಿಯರ ಬಿಸಿನೀರು ನಿಲ್ಸಿ ನಿನಗೆ ಕುರ್ಚಿ ಹಾಕ್ಸೋದಾ? ಓಡೋವರೆಗೂ ನೋಡ್ಕೋತೀವಿ ಅಂತ ಮಾತು ಕೊಟ್ಟಿದೀವಿ ಕಣೋ. ಅದು ತಾನಾಗಿ ಸಾಯ್ಲಿ, ಆವತ್ತು ನಾನೇ ಸಹಿ ಹಾಕ್ತೀನಿ."

"ತಾನಾಗಿ ಸಾಯೋವರೆಗೂ?" ಎಂದು ತಮ್ಮ ನಕ್ಕ.

"ತಾನಾಗಿ ಸಾಯೋವರೆಗೂ."

ಮಳೆಗಾಲ ಮುಗಿಯುವ ಮುಂಚೆ ಅದು ಸತ್ತಿತು. ಅಕ್ಕ ಅಂದು ಬೆಳಿಗ್ಗೆ ಫಿಲ್ಟರ್ ಬದಲಾಯಿಸಿ ಮನೆಗೆ ಬಂದಿದ್ದಳು. ಮಧ್ಯಾಹ್ನ ತಮ್ಮ ಮೀಟರ್ ನೋಡಲೆಂದು ಆಸ್ಪತ್ರೆಗೆ ಹೋದವನು ಸಂಜೆ ಅವಳ ಮನೆಗೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಹೋಯ್ತಕ್ಕ."

"ಏನು ಹೋಯ್ತು?"

"ನಾನು ಹೋಗೋ ಹೊತ್ತಿಗೆ ಕೊನೇ ಉಸಿರು ಬಿಡ್ತಾ ಇತ್ತು. ವಾಲ್ವ್ ಅರ್ಧ ಮಾತ್ರ ತೆಗೆದಿತ್ತು. ಬೆಳಗ್ಗೆಯಿಂದ ಗ್ಯಾಸ್ ಸಾಲದೆ ಒದ್ದಾಡಿದೆ."

"ಅರ್ಧ ತೆಗೆದಿದ್ದು ನಾನಾ?"

ಅವನು ಅವಳ ಭುಜದ ಮೇಲೆ ಕೈಯಿಟ್ಟ. "ವಯಸ್ಸಾಯ್ತಲ್ಲಕ್ಕ. ಯಾರಿಗೂ ಹೇಳಲ್ಲ ಬಿಡು."

ಅವಳು ಆ ಬೆಳಗನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಳ್ಳಲು ನೋಡಿದಳು. ವಾಲ್ವ್ ತಿರುಗಿಸಿದ್ದು ನೆನಪಿಗೆ ಬರಲಿಲ್ಲ. ತಿರುಗಿಸದೆ ಇದ್ದದ್ದೂ ನೆನಪಿಗೆ ಬರಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಯಲ್ಲಿರುತ್ತದೆ, ನೆನಪಿನಲ್ಲಿರುವುದಿಲ್ಲ. ಕೊನೆಗೆ ತಮ್ಮ ಹೇಳಿದ್ದೇ ಅವಳ ನೆನಪಾಯಿತು.

ಯಾರಿಗೂ ಹೇಳಲ್ಲ ಅಂದವನು ದೊಡ್ಡ ಸಿಸ್ಟರಿಗೆ ಗುಟ್ಟಾಗಿ ಹೇಳಿದ್ದ. ಹಾಗಾಗಿ ವಾರದೊಳಗೆ ಎಲ್ಲರಿಗೂ ಗೊತ್ತಾಯಿತು. ಅಂದು ಹಳೆಯ ಡೀಸೆಲ್ ಜನರೇಟರ್ ಶುರುವಾಗುವವರೆಗೆ ನರ್ಸುಗಳು ಕೂಸುಗಳನ್ನು ಎದೆಗೆ ಅವುಚಿಕೊಂಡು ಮಳೆಮೋಡದ ಕತ್ತಲಲ್ಲಿ ನಿಂತಿದ್ದರಂತೆ. ಯಾವ ಕೂಸಿಗೂ ಏನೂ ಆಗಲಿಲ್ಲ. ಅಕ್ಕ ಕ್ಷಮೆ ಕೇಳಲು ಹೋದಾಗ ದೊಡ್ಡ ಸಿಸ್ಟರ್ ಬೈಯಲಿಲ್ಲ. "ನಿಮ್ಮಿಂದ ಹೀಗಾಗುತ್ತೆ ಅಂದ್ಕೊಂಡಿರ್ಲಿಲ್ಲ" ಅಂದರು. ಟೀ ಬಂತು. ಕೂಸು ಬರಲಿಲ್ಲ.

ಅವಳು ಸಹಿ ಹಾಕಿದಳು. ತಮ್ಮ ದೊಡ್ಡ ಕಂಪನಿಯಲ್ಲಿ ದೊಡ್ಡವನಾದ. ಅಕ್ಕನಿಗೆ ಸಣ್ಣದೊಂದು ಮನೆ ಮಾಡಿಸಿಕೊಟ್ಟ, ಹಬ್ಬ ಹುಣ್ಣಿಮೆಯೆನ್ನದೆ ಹಣ್ಣು ತಂದುಕೊಟ್ಟ, ಕಣ್ಣಿನ ಆಪರೇಷನ್ ಮಾಡಿಸಿದ. ಅಂಥ ತಮ್ಮ ಯಾರಿಗುಂಟು ಎಂದು ಬೀದಿಯವರು ಹೊಟ್ಟೆಕಿಚ್ಚುಪಟ್ಟರು. ಸತ್ತ ಕಟ್ಟನ್ನು ಗುಜರಿಗೆ ಹಾಕುವುದಾಗಿ ಅವನು ಹೇಳಿದಾಗ ಮಾತ್ರ ಅವಳು ಹಟ ಹಿಡಿದಳು. "ನಾನು ಕೊಂದಿದ್ದು, ನನ್ನ ಹತ್ರಾನೇ ಇರ್ಲಿ" ಎಂದು ಮನೆಗೆ ತರಿಸಿ, ಹಳೆಯ ಕಂಬಳಿ ಸುತ್ತಿ, ಸ್ನಾನದ ಮನೆಯ ಪಕ್ಕದ ಮೂಲೆಗೆ ಇಟ್ಟಳು. ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ. ಅದು ತಮ್ಮನಿಗೂ ಗೊತ್ತಿತ್ತು.

ಭಟ್ಟಿಯ ಕೆಲಸಕ್ಕೆ ಅವಳು ಮತ್ತೆ ಹೋಗಲಿಲ್ಲ. ಹಳೆಯ ಕಾರ್ಖಾನೆಯವರು ಕರೆದರೂ ಹೋಗಲಿಲ್ಲ. ಮನೆಯಿಂದ ಹೊರಟರೆ ಗೇಟಿನವರೆಗೆ ಬಂದು ಸ್ಟವ್ ನೋಡಲು ಹಿಂದಿರುಗುವಳು. ಮತ್ತೆ ಬೀಗ ಹಾಕಿ, ಬೀದಿಯ ತಿರುವಿನಿಂದ ಮತ್ತೆ ಹಿಂದಿರುಗುವಳು. ಸಿನಿಮಾಕ್ಕೆ ಜೊತೆಯಾಗಿ ಹೊರಟ ಪಕ್ಕದ ಮನೆಯ ಗೆಳತಿಗೆ ಯಾವ ಸಿನಿಮಾದ ಆರಂಭವೂ ನೋಡಲು ಸಿಗಲಿಲ್ಲ. ಆ ಗೆಳತಿಯ ಮೊಮ್ಮಗು ಹುಟ್ಟಿದಾಗ ಎತ್ತಿಕೋ ಎಂದರೆ, ಅಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದಳು, ಮುಟ್ಟಲಿಲ್ಲ. ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದಾಗ ಅವನು ತಮಾಷೆಗೆ, "ಅಕ್ಕ, ಸ್ಟವ್ ಆರ್ಸಿ ಬಂದ್ಯಾ?" ಎಂದು ಕೇಳುತ್ತಿದ್ದ. ಮಕ್ಕಳೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈ ವರ್ಷ ಡಾಕ್ಟರು ಹೃದಯ ಸೋತಿದೆ ಅಂದರು. ಬೇರೆಯವರಿಗೆ ತೊಂದರೆಯಾಗಬಾರದೆಂದು ಅವಳು ಮನೆಯ ಸಾಮಾನುಗಳನ್ನು ಒಂದೊಂದಾಗಿ ಕೊಟ್ಟುಬಿಡುತ್ತಾ ಬಂದಳು. ಮೂಲೆಯ ಕಂಬಳಿಯ ಸರದಿಯೂ ಬಂತು. ಇಡಿಯಾಗಿ ಎತ್ತಲಾಗದೆ ಬೋಲ್ಟು ಬಿಚ್ಚಿ, ಬಾಚಿಯ ತುದಿಯಿಂದ ಮೀಟಿ ಹಾಳೆ ಹಾಳೆಯಾಗಿ ಬಿಡಿಸಿದಳು. ಬಿಡಿಸಿದ್ದನ್ನು ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟಳು.

ಹಸಿರು ಇತ್ತು. ಇರಲೇಬೇಕಿತ್ತು. ಆದರೆ ಕೊನೇ ಮನೆಯ ಕಡೆ ಎಲ್ಲ ಹಾಳೆಗಳೂ ಬೂದು ಬಣ್ಣದಲ್ಲಿ ಚೊಕ್ಕವಾಗಿದ್ದವು. ಹಸಿರೇರಿ, ಉಬ್ಬಿ, ಸೀಳಿಹೋದದ್ದು ಮೊದಲ ಮನೆ.

ಅವಳು ಹಾಳೆಯನ್ನು ತಿರುಗಿಸಿ ಹಿಡಿದಿದ್ದೇನೆ ಅಂದುಕೊಂಡಳು. ಗ್ಯಾಸಿನ ಪೈಪು ಕೂಡುವ ತೂತು ಹುಡುಕಿದಳು. ತಿರುಗಿಸಿ ಹಿಡಿದಿರಲಿಲ್ಲ. ವಾಲ್ವ್ ಅರ್ಧ ತೆಗೆದಿದ್ದರೆ, ಬಂದಷ್ಟು ಗ್ಯಾಸನ್ನು ಮೊದಲ ಮನೆ ಹಿಡಿದುಕೊಂಡು ಬದುಕಬೇಕಿತ್ತು, ಕೊನೇ ಮನೆ ಸಾಯಬೇಕಿತ್ತು. ಮೊದಲ ಮನೆ ಮೊದಲು ಸಾಯಬೇಕಾದರೆ ಗ್ಯಾಸಿನ ಪೈಪಿನಲ್ಲೇ ಗಾಳಿ ಬರಬೇಕು. ಪೈಪಿನಲ್ಲಿ ಗಾಳಿ ತಾನಾಗಿ ಬರುವುದಿಲ್ಲ. ಸತ್ತ ಕಟ್ಟುಗಳ ಒಳಗಿನ ಮಸಿ ಸುಡಲು ಗ್ಯಾಸಿನ ನಟ್ಟು ಬಿಚ್ಚಿ, ಅಲ್ಲಿಗೆ ಗಾಳಿಯ ಹೋಸ್ ಸಿಕ್ಕಿಸುವುದು ಅವರ ವರ್ಕ್‌ಶಾಪಿನಲ್ಲಿ ಕಂಡುಕೊಂಡ ಉಪಾಯ. ಅದು ಗೊತ್ತಿದ್ದವರು ಇಬ್ಬರೇ. ಬದುಕಿರುವ ಕಟ್ಟಿಗೆ ಅದನ್ನು ಯಾರೂ ಮಾಡುವುದಿಲ್ಲ.

ಆ ಇಡೀ ದಿನ ಅವಳು ಊಟ ಮಾಡಲಿಲ್ಲ. ಗೆಳತಿ ಬಂದು ಕೇಳಿದಾಗ ಎಲ್ಲವನ್ನೂ ಹೇಳಿದಳು, ಆ ಒಬ್ಬಳಿಗೇ. ಹೇಳುವಾಗ ಅಳಲಿಲ್ಲ. "ನಾನು ಬಿಚ್ಚಿ ನೋಡಲ್ಲ ಅಂತ ಅವನಿಗೆ ಗೊತ್ತಿತ್ತು ನೋಡು" ಎಂದು ಮಾತ್ರ ಎರಡೆರಡು ಸಲ ಅಂದಳು.

ಭಾನುವಾರ ತಮ್ಮ ಹಣ್ಣಿನ ಚೀಲ ಹಿಡಿದು ಬಂದ. ಅವಳು ಟೀ ಕೊಟ್ಟಳು, ಬಿಸ್ಕತ್ತಿನ ತಟ್ಟೆ ತಂದಿಟ್ಟಳು. ತಟ್ಟೆಯಲ್ಲಿ ಒಂದು ಹಾಳೆಯಿತ್ತು.

ಅವನು ಅದನ್ನು ಮುಟ್ಟಲಿಲ್ಲ. ಇದೇನು ಎಂದು ಕೇಳಲಿಲ್ಲ. "ಯಾವಾಗ ಬಿಚ್ಚಿದೆ?" ಎಂದು ಕೇಳಿದ.

"ಮೊದಲ ಮನೆ ಹಸಿರಾಗಿದೆ ಕಣೋ."

ಅವನು ಟೀ ಲೋಟವನ್ನು ಕೆಳಗಿಟ್ಟ. "ನೀನೇ ಹೇಳಿದ್ದೆಯಲ್ಲಕ್ಕ, ತಾನಾಗಿ ಸಾಯೋವರೆಗೂ ಸಹಿ ಹಾಕಲ್ಲ ಅಂತ. ನನಗೆ ಬೇರೆ ದಾರಿ ಏನಿತ್ತು?"

"ಜಗಳ ಆಡಬಹುದಿತ್ತು. ಕದ್ದು ಹೋಗಬಹುದಿತ್ತು. ಸಿಟ್ಟು ಮಾಡ್ಕೊಂಡು ಒಂದೆರಡು ವರ್ಷ ಮಾತು ಬಿಡ್ತಿದ್ದೆ, ಅಷ್ಟೇ."

"ಆಮೇಲೆ ನಿನಗೆ ಏನಾದ್ರೂ ಕಮ್ಮಿ ಮಾಡಿದೀನಾ? ಹೇಳು."

"ನನ್ನ ಕೈನ ನಾನೇ ನಂಬದ ಹಾಗೆ ಮಾಡ್ದೆ. ಸಾಲದು ಅಂತ ಮಕ್ಕಳ ಮುಂದೆ ಸ್ಟವ್ ಆರ್ಸಿದ್ಯಾ ಅಂತ ಕೇಳ್ದೆ. ಕೇಳೋವಾಗ ನಿನಗೆ ಗೊತ್ತಿತ್ತಲ್ಲೋ."

ಅವನು ಕಾರಿನ ಕೀ ಕೈಗೆತ್ತಿಕೊಂಡ. "ಈಗ ಏನು ಮಾಡ್ತೀಯಾ?" ಅಂದ.

"ದೊಡ್ಡ ಸಿಸ್ಟರಿಗೆ ತೋರಿಸ್ತೀನಿ. ಇನ್ನೂ ಅದೇ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲೇ ಇದಾರಂತೆ."

"ಹಳೇ ಕತೆ ಅಕ್ಕ. ಈಗ ಯಾರಿಗೆ ಬೇಕು?"

"ನನಗೆ ಬೇಕು."

ಹೋಗುವಾಗ ಅವನು ಹಣ್ಣಿನ ಚೀಲ ಬಿಟ್ಟುಹೋದ. ಅವಳು ಅದನ್ನು ಗೇಟಿನವರೆಗೆ ತಂದು ಅವನ ಕಾರಿನ ಸೀಟಿನ ಮೇಲಿಟ್ಟಳು.

ಮಂಗಳವಾರ ಗೆಳತಿ ಜೊತೆಗೆ ಹೊರಟಳು. ಅಕ್ಕ ಹಾಲು ಕಾಯಿಸಿ ಇಬ್ಬರಿಗೂ ಟೀ ಮಾಡಿದಳು. ಪಾತ್ರೆ ತೊಳೆದಳು. ಹತ್ತಿಯಲ್ಲಿ ಸುತ್ತಿದ ಒಂದು ಹಾಳೆಯನ್ನು ಕೈಚೀಲದೊಳಗೆ, ಮಡಿಸಿದ ಟವೆಲಿನ ನಡುವೆ ಇಟ್ಟುಕೊಂಡಳು. ಬಾಗಿಲು ಎಳೆದು ಬೀಗ ಹಾಕಿದಳು. ಗೇಟು ದಾಟಿದಳು. ಅಭ್ಯಾಸಬಲದಿಂದ ಗೆಳತಿ ಗೇಟಿನ ಹತ್ತಿರ ನಿಂತು ಕಾದಳು, ಅಕ್ಕ ನಿಲ್ಲಲಿಲ್ಲ. ಬೀದಿಯ ತಿರುವಿನಲ್ಲೂ ನಿಲ್ಲಲಿಲ್ಲ.

ಬಸ್ ಬರುವುದು ತಡವಾಯಿತು. ಬೆಂಚಿನ ಮೇಲೆ ಕೂತಾಗ ಗೆಳತಿಗೇ ತಡೆಯಲಾಗಲಿಲ್ಲ.

"ಸ್ಟವ್ ಆರ್ಸಿದೀಯ ತಾನೇ?"

"ಆರ್ಸಿದೀನಿ" ಅಂದಳು ಅಕ್ಕ. ಅಂದು, ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಅದರ ಮೇಲೆ ಎರಡೂ ಕೈಗಳನ್ನು ಇಟ್ಟುಕೊಂಡಳು.